ಕೇಳಿಯೂ ಶ್ರವಣವೂ

ಕನ್ನಡದಲ್ಲಿ ‘ಕೇಳಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಸಂಸ್ಕೃತದಿಂದ ಬಂದ ‘ಕೇಳಿ’ ಎಂದರೆ ಆಟ, ವಿನೋದ. ಜಲಕೇಳಿ, ವನಕೇಳಿ ಮೊದಲಾದ ಪದಗಳಲ್ಲಿರುವದು ಇದೇ. ಅಚ್ಚಗನ್ನಡದ ‘ಕೇಳಿ’ ಎಂದರೆ ಕಿವಿಗೊಡಿರಿ ಎಂದರ್ಥ. ಈ ಎರಡಕ್ಕೂ ಹುಟ್ಟಿನಲ್ಲಿ ಸಂಬಂಧವಿಲ್ಲ. ವೈಯಾಕರಣನು ಇವನ್ನು ಬೇರೆ ಬೇರೆಯಾಗಿಯೇ ಎಣಿಸುವನು. ಆದರೆ ಲೋಕವ್ಯವಹಾರದಲ್ಲಿ ಆಟವೂ ಕೇಳುವಿಕೆಯೂ ಒಂದನ್ನೊಂದು ಅಗಲಿರುವದು ಅಪರೂಪ. ಜಾತ್ರೆಯ ಕುಸ್ತಿಯ ಕಣದಲ್ಲಿ ಹಲಗೆಯ ಸದ್ದು ನಿಂತರೆ ಮಲ್ಲರ ತೋಳೇ ಸಡಿಲಾದಂತೆ ತೋರುವದು. ಕಬಡ್ಡಿಯಲ್ಲಂತೂ ಆಟಗಾರನ ಉಸಿರಿನ ಉಲಿಯೇ ಆಟದ ನಿಯಮವಾಗಿದೆ. ನೋಡುವವರ ಕೂಗಿಲ್ಲದ ಆಟವು ಎಣ್ಣೆ ತೀರಿದ ದೀಪದಂತೆ ಮಂಕಾಗುವದೆಂಬದನ್ನು ಎಲ್ಲರೂ ಬಲ್ಲರು.

ಈಗಿನ ತರುಣರು ಕಾಲ್ಚೆಂಡಿನಾಟವನ್ನು ಕಣ್ಣಿನಿಂದ ನೋಡುವಷ್ಟೇ ಕಿವಿಯಿಂದ ಕೇಳುವವರೂ ಆಗಿದ್ದಾರೆ. ತಮ್ಮ ತಂಡದ ಹಾಡುಗಳನ್ನು ಕೈಯಲ್ಲಿಯ ಯಂತ್ರದಲ್ಲಿ ಸಾಲುಗೂಡಿಸಿಟ್ಟುಕೊಂಡು ಕೇಳುವರು. ಆಟ ಮುಗಿದ ಮರುದಿನ ಅದರ ಗುಣದೋಷಗಳನ್ನು ಕುರಿತು ಯಾರೋ ನಾಲ್ವರು ಮಾತಾಡಿದ್ದನ್ನು ದಾರಿ ನಡೆಯುತ್ತ ಕೇಳುವರು. ಮೊದಲನೆಯದಕ್ಕೆ ಸ್ಟ್ರೀಮಿಂಗ್ ಎಂದೂ ಎರಡನೆಯದಕ್ಕೆ ಪಾಡ್‌ಕಾಸ್ಟ್ ಎಂದೂ ಹೆಸರು. ಒಬ್ಬೊಬ್ಬನೇ ಕಿವಿಯಲ್ಲಿ ಯಂತ್ರವನ್ನಿಟ್ಟುಕೊಂಡು ಕೇಳುವ ಈ ಶ್ರವಣದಿಂದ, ಹಣವೂ ಹೆಸರೂ ಇಲ್ಲದ ಸಾಮಾನ್ಯ ಅಭಿಮಾನಿಗಳ ಕೂಟವು ಪುಷ್ಟವಾಗುವದೋ ಕ್ಷೀಣವಾಗುವದೋ ಎಂಬದು ಇಲ್ಲಿಯ ಪ್ರಶ್ನೆ. ಕೂಟ ಕಟ್ಟುವದೂ ಕೂಟ ಒಡೆಯುವದೂ ಧರ್ಮಾಧರ್ಮಗಳ ವಿಷಯವಾದದ್ದರಿಂದ, ಇದನ್ನು ಕೇವಲ ವಿನೋದದ ಮಾತೆಂದು ತಳ್ಳಿಹಾಕುವದು ತರವಲ್ಲ.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳುವದು ಯುಕ್ತ. ಸ್ಟ್ರೀಮಿಂಗ್ ಎಂದರೆ ಹಾಡಿನ ಮುದ್ರಿಕೆಯನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳದೆ, ದೂರದ ಯಂತ್ರಾಗಾರದಿಂದ ಅದು ಸಣ್ಣ ಸಣ್ಣ ತುಣುಕುಗಳಾಗಿ ಹರಿದು ಬರುತ್ತಿರುವಾಗಲೇ ಕೇಳುವದು. ಕೊಡದಲ್ಲಿ ನೀರು ತುಂಬಿಡುವದಕ್ಕೂ ಕಾಲುವೆಗೆ ಬೊಗಸೆಯೊಡ್ಡುವದಕ್ಕೂ ಇರುವ ಭೇದವೇ ಇಲ್ಲಿಯೂ ಇದೆ. ಪಾಡ್‌ಕಾಸ್ಟ್ ಎಂದರೆ ಕಂತುಕಂತಾಗಿ ಪ್ರಕಟವಾಗುವ ಧ್ವನಿಮುದ್ರಿತ ಸಂಭಾಷಣೆ. ಈ ಹೆಸರು 2004ರಲ್ಲಿ ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆಯ ಲೇಖನವೊಂದರಲ್ಲಿ ಹುಟ್ಟಿತು. ಆಕಾಶವಾಣಿಗೆ ನಿಲಯ, ಗೋಪುರ, ಸರಕಾರದ ಅನುಮತಿ, ವೇಳಾಪತ್ರಿಕೆ ಇವೆಲ್ಲ ಬೇಕು. ಪಾಡ್‌ಕಾಸ್ಟಿಗಾದರೋ ಒಂದು ಮೈಕು, ಒಂದು ಗಣಕಯಂತ್ರ, ಹೇಳಲಿಕ್ಕೊಂದು ಮಾತು ಇಷ್ಟಿದ್ದರೆ ಸಾಕು. 2016ರ ಸೆಪ್ಟೆಂಬರದಲ್ಲಿ ಜಿಯೋ ಸಂಸ್ಥೆಯು ಸೇವೆಯನ್ನಾರಂಭಿಸಿದ ತರುವಾಯ ಅಂತರ್ಜಾಲದ ಬೆಲೆ ಬಹಳ ಇಳಿಯಿತು. 2019ರ ಫೆಬ್ರುವರಿಯಲ್ಲಿ ಸ್ವೀಡನ್ ದೇಶದ ಸ್ಪಾಟಿಫೈ ಹಿಂದುಸ್ಥಾನಕ್ಕೆ ಬಂದಿತು. ಹೀಗಾಗಿ ಪಟ್ಟಣದವನಿಗೆ ಸಿಗುವ ಹಾಡೂ ಹರಟೆಯೂ ಅದೇ ಗಳಿಗೆಯಲ್ಲಿ ಘಾಟಬೋರಾಳದ ಹುಡುಗನಿಗೂ ಸಿಗುವಂತಾದವು.

ಈಗ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸುವದು ನ್ಯಾಯ. ಪೂರ್ವಪಕ್ಷಿಯು ಮೂರು ಆಕ್ಷೇಪಗಳನ್ನೆತ್ತುವನು. ಒಂದನೆಯದು: ಕಿವಿಯನ್ನು ಮುಚ್ಚಿಕೊಂಡವನು ಪಕ್ಕದವನ ಮಾತಿಗೂ ಕಿವುಡನಾಗುವನು, ಒಂದೇ ಕಟ್ಟೆಯ ಮೇಲೆ ಹತ್ತು ಜನ ಕುಳಿತು ಹತ್ತು ಲೋಕಗಳಲ್ಲಿದ್ದರೆ ಅದು ಕೂಟವಲ್ಲ. ಎರಡನೆಯದು: ಈ ಧಾರೆಗಳೆಲ್ಲ ವರ್ತಕರವು. ಸ್ಪೇನಿನ ಬಾರ್ಸಿಲೋನಾ ತಂಡದ ಒಡೆತನವು ಅದರ ಸದಸ್ಯರದಾಗಿದ್ದರೂ, 2022ರಲ್ಲಿ ಆ ತಂಡದ ಅಂಗಿಯ ಮೇಲೆಯೂ ಪುರಾತನವಾದ ಅದರ ಕ್ರೀಡಾಂಗಣದ ಹೆಸರಿನ ಮುಂದೆಯೂ ಸ್ಪಾಟಿಫೈಯ ಹೆಸರು ಬಂದು ಕುಳಿತಿತು. ಅಭಿಮಾನವನ್ನು ಬೆಳೆಸುವವನೇ ಅದನ್ನು ಮಾರುವವನೂ ಆಗಿದ್ದರೆ, ಬೆಳೆಯುವದು ಅಭಿಮಾನವೋ ಗಿರಾಕಿತನವೋ? ಮೂರನೆಯದು: ಯಾರು ಬೇಕಾದರೂ ಮಾತಾಡಬಹುದೆಂದಾಗ ಬಲ್ಲವನ ಮಾತಿಗಿಂತ ಬೈಯುವವನ ಮಾತೇ ದೂರ ಹೋಗುವದು.

ಈ ಮೂರರಲ್ಲಿ ಸುಳ್ಳು ಯಾವದೂ ಇಲ್ಲ. ಆದರೆ ಮೂರೂ ಶ್ರವಣವನ್ನು ಅದರ ಮೊದಲನೆಯ ಮೆಟ್ಟಿಲಲ್ಲಿಯೇ ನಿಲ್ಲಿಸಿ ನೋಡಿದ ಮಾತುಗಳು. ನಮ್ಮ ಶಾಸ್ತ್ರಕಾರರು ಶ್ರವಣದ ನಂತರ ಮನನವನ್ನೂ ಅದರ ನಂತರ ನಿದಿಧ್ಯಾಸನವನ್ನೂ ಹೇಳಿದ್ದಾರೆ. ಭಕ್ತಿಮಾರ್ಗದಲ್ಲಿಯೂ ಶ್ರವಣದ ಬೆನ್ನಿಗೇ ಬರುವದು ಕೀರ್ತನವು. ಕಿವಿಯೊಳಗೆ ಹೋದದ್ದು ಬಾಯಿಂದ ಹೊರಟು ಮತ್ತೊಬ್ಬನ ಕಿವಿಯನ್ನು ಸೇರುವದೋ ಇಲ್ಲವೋ ಎಂಬದರ ಮೇಲೆ ಶ್ರವಣದ ಬೆಲೆ ನಿಂತಿದೆ. ಈ ಒರೆಗಲ್ಲಿನ ಮೇಲೆ ಹಾಡನ್ನೂ ಮಾತನ್ನೂ ಬೇರೆ ಬೇರೆಯಾಗಿ ತಿಕ್ಕಿ ನೋಡೋಣ.

ಮೊದಲು ಹಾಡು. ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ಅಭಿಮಾನಿಗಳು ಆಟಕ್ಕೆ ಮುಂಚೆ ಸಾವಿರಾರು ಕಂಠಗಳಿಂದ ಹಾಡುವ ‘ಯು ವಿಲ್ ನೆವರ್ ವಾಕ್ ಅಲೋನ್’ ಎಂಬ ಗೀತವು ಚೆಂಡಾಟಕ್ಕಾಗಿ ಹುಟ್ಟಿದ್ದಲ್ಲ. ಅದು 1945ರ ಅಮೆರಿಕದ ಸಂಗೀತನಾಟಕವೊಂದರ ಪದ. 1963ರಲ್ಲಿ ಅದೇ ಊರಿನ ಗಾಯಕರ ತಂಡವೊಂದು ಅದನ್ನು ತಟ್ಟೆಗೆ ಹಾಡಿತು. ಆ ಕಾಲದಲ್ಲಿ ಆಟಕ್ಕೆ ಮೊದಲು ಕ್ರೀಡಾಂಗಣದ ಧ್ವನಿವರ್ಧಕದಲ್ಲಿ ಜನಪ್ರಿಯ ತಟ್ಟೆಗಳನ್ನು ಹಾಕುತ್ತಿದ್ದರು. ಜನರು ಯಂತ್ರದ ಹಾಡನ್ನು ಕಲಿತು, ಯಂತ್ರವು ನಿಂತ ಮೇಲೆಯೂ ಹಾಡಿದರು. ಇನ್ನೊಂದು ನಿದರ್ಶನವು ಇದಕ್ಕಿಂತ ವಿಚಿತ್ರವಾದದ್ದು. 2003ರ ಅಕ್ಟೋಬರದಲ್ಲಿ ಬೆಲ್ಜಿಯಂ ದೇಶದ ಬ್ರೂಜ್ ನಗರದ ಅಭಿಮಾನಿಗಳು ಇಟಲಿಯ ಮಿಲಾನಿಗೆ ಆಟ ನೋಡಲು ಹೋದಾಗ, ಪಾನಗೃಹವೊಂದರಲ್ಲಿ ಅಮೆರಿಕದ ಹೊಸ ಗೀತವೊಂದರ ಮಟ್ಟು ಅವರ ಕಿವಿಗೆ ಬಿದ್ದಿತು. ಅವರು ಶಬ್ದಗಳನ್ನು ಬಿಟ್ಟು ಬರಿಯ ಮಟ್ಟನ್ನು ‘ಓ ಓ’ ಎಂದು ಕೂಗುತ್ತ ಮನೆಗೆ ತಂದರು. ಮೂರು ವರ್ಷಗಳಲ್ಲಿ ಅದು ರೋಮಿಗೆ ಹೋಗಿ, 2006ರ ವಿಶ್ವಕಪ್ಪಿನಲ್ಲಿ ಇಟಲಿಯ ಇಡೀ ಜನಸ್ತೋಮದ ಘೋಷವಾಯಿತು. ಇದನ್ನು ಯಾವ ವರ್ತಕನೂ ಯೋಜಿಸಿರಲಿಲ್ಲ.

ನಮ್ಮವರಿಗೆ ಇದು ಹೊಸ ಪದ್ಧತಿಯಲ್ಲ. ಹಳೆಯ ಮಟ್ಟಿಗೆ ಹೊಸ ಮಾತು ಹೊಂದಿಸುವದು ನಮ್ಮ ಭಜನಾಮೇಳಗಳ, ಗೀಗೀಮೇಳಗಳ ನಿತ್ಯದ ಕೆಲಸ. ಹುಮನಾಬಾದದ ನೆರೆಯ ಮಾಣಿಕನಗರದಲ್ಲಿ ಶ್ರೀ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದುಸ್ತಾನಿ ಮುಂತಾದ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದರು; ಒಂದೇ ಸಭೆಯಲ್ಲಿ ನಾನಾ ಭಾಷೆಯವರು ಕುಳಿತು ಒಂದೇ ತಾಳಕ್ಕೆ ತಲೆದೂಗುವ ಸಂಗೀತದ ಪರಂಪರೆ ಅಲ್ಲಿ ನಿಂತಿತು. ನಾಲ್ಕು ಭಾಷೆಗಳು ಕೂಡುವ ಈ ಗಡಿನಾಡಿನಲ್ಲಿ ಬಾಳಿದವರಿಗೆ, ಮಾತು ತಿಳಿಯದವನನ್ನೂ ಮಟ್ಟು ಒಳಗೆ ಕರೆದುಕೊಳ್ಳುವದೆಂಬ ಸಂಗತಿಯನ್ನು ಬೇರೆ ಹೇಳಬೇಕಾದದ್ದಿಲ್ಲ.

ಬೆಂಗಳೂರಿನಲ್ಲಿ ಇದರ ಇಂದಿನ ರೂಪವನ್ನು ಕಾಣಬಹುದು. 2013ರಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ಸ್ಥಾಪಿತವಾದಾಗ ಅದರ ಜೊತೆಗೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಸಂಘವೂ ಹುಟ್ಟಿತು. ಕ್ರೀಡಾಂಗಣದ ಪಶ್ಚಿಮಭಾಗದ ಅಟ್ಟಣೆಯೇ ಅವರ ಹೆಸರಿನ ಮೂಲ. ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟು, ನಗಾರಿ ಬಡಿದು, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೂಗುವ ಈ ಜನರ ಘೋಷಗಳು ಧ್ವನಿಮುದ್ರಿತವಾಗಿ ಅಂತರ್ಜಾಲದಲ್ಲಿ ಸಂಚರಿಸುತ್ತವೆ. ಊರಿಗೆ ಹೊಸಬನಾಗಿ ಬಂದವನೊಬ್ಬನು ಅವನ್ನು ಮನೆಯಲ್ಲಿ ಕೇಳಿ ಕಲಿತು, ಮೊದಲ ದಿನವೇ ಸಾಲಿನಲ್ಲಿ ನಿಂತು ಕೂಗಬಲ್ಲನು. ಪಾಠಶಾಲೆಯಲ್ಲಿ ಗುರುಮುಖದಿಂದ ಒಬ್ಬೊಬ್ಬನಾಗಿ ಸಂಥೆ ಹೇಳಿಕೊಂಡು, ಆಮೇಲೆ ಘೋಷದಲ್ಲಿ ಎಲ್ಲರೂ ಒಂದಾಗುವದಿಲ್ಲವೇ, ಹಾಗೆಯೇ ಇದು. ಏಕಾಂತದ ಶ್ರವಣವು ಲೋಕಾಂತದ ಗಾನಕ್ಕೆ ಸಿದ್ಧತೆಯಾದಲ್ಲಿ, ಕಿವಿ ಮುಚ್ಚಿಕೊಂಡವನೆಂಬ ಆಕ್ಷೇಪವು ನಿಲ್ಲುವದಿಲ್ಲ.

ಇನ್ನು ಮಾತು. ಮಹಾಭಾರತದ ಸಂಜಯನನ್ನು ಇಂದಿನವರು ಆಕಾಶವಾಣಿಯ ವೀಕ್ಷಕವಿವರಣಕಾರನಿಗೆ ಹೋಲಿಸುವದುಂಟು. ಆದರೆ ಭೀಷ್ಮಪರ್ವವನ್ನು ಗಮನವಿಟ್ಟು ಓದಿದರೆ ಬೇರೊಂದು ಸಂಗತಿ ತೋರುವದು. ಭೀಷ್ಮನು ಬಿದ್ದ ಮೇಲೆ ಸಂಜಯನು ರಣರಂಗದಿಂದ ಹಿಂದಿರುಗಿ ಬಂದು ಆ ಸುದ್ದಿಯನ್ನು ಮೊದಲು ಹೇಳುವನು. ಅನಂತರ ಧೃತರಾಷ್ಟ್ರನು ಒಂದೊಂದೇ ಪ್ರಶ್ನೆ ಕೇಳಿದಂತೆ ಯುದ್ಧವನ್ನು ಆದಿಯಿಂದ ವಿವರಿಸುವನು. ಆದದ್ದನ್ನು ಆದ ಮೇಲೆ ಕುಳಿತು ವಿಚಾರಿಸುವ ಈ ಸಂವಾದವು ಪಾಡ್‌ಕಾಸ್ಟಿಗೇ ಹೆಚ್ಚು ಸಮೀಪವಾದದ್ದು. ಅದರಲ್ಲಿರುವ ಧರ್ಮಸೂಕ್ಷ್ಮವನ್ನೂ ನೋಡಿರಿ. ಕೇಳುವ ಅರಸನು ಪಕ್ಷಪಾತಿ; ತನ್ನವರೆಂದೂ ಪಾಂಡುವಿನವರೆಂದೂ ಭೇದಮಾಡಿಯೇ ಬಾಯಿ ತೆರೆಯುವನು. ಹೇಳುವ ಸೂತನು ಅವನ ಅನ್ನವನ್ನುಂಡವನು. ಆದರೂ ಸಂಜಯನು ಸೋಲನ್ನು ಗೆಲುವೆಂದು ಹೇಳಲಿಲ್ಲ. ಈ ಅನರ್ಥಕ್ಕೆ ನಿನ್ನ ಪುತ್ರವ್ಯಾಮೋಹವೇ ಕಾರಣವೆಂದು ಅರಸನ ಮುಖದ ಮೇಲೆಯೇ ಹೇಳಿದನು. ತನ್ನವರಿಗೆ ಸತ್ಯವನ್ನು ಹೇಳುವದು ಪರರನ್ನು ಬೈಯುವದಕ್ಕಿಂತ ಕಠಿಣವಾದ ಕೆಲಸ.

ಸಾಮಾನ್ಯ ಅಭಿಮಾನಿಗಳು ತಾವೇ ನಡೆಸುವ ಪಾಡ್‌ಕಾಸ್ಟುಗಳ ಸತ್ವವೂ ಇಲ್ಲಿಯೇ ಇದೆ. 2011ರಲ್ಲಿ ಲಿವರ್‌ಪೂಲಿನಲ್ಲಿ ‘ದಿ ಆನ್‌ಫೀಲ್ಡ್ ರ‍್ಯಾಪ್’ ಎಂಬ ಸಂಭಾಷಣಾಮಾಲೆಯನ್ನು ಅಭಿಮಾನಿಗಳೇ ಆರಂಭಿಸಿದರು. ಪತ್ರಿಕೆಗಳು ದೊಡ್ಡ ಆಟಗಾರನ ಬೆಲೆಯನ್ನು ಬರೆಯುವವು. ಟಿಕೀಟಿನ ಬೆಲೆಯು ಕೂಲಿಕಾರನ ಕೈಗೆಟಕುವದೋ ಇಲ್ಲವೋ, ಅಟ್ಟಣೆಯಲ್ಲಿ ಹೆಣ್ಣುಮಕ್ಕಳು ನಿರ್ಭಯರಾಗಿ ಕುಳಿತುಕೊಳ್ಳಬಹುದೋ ಇಲ್ಲವೋ ಎಂಬದನ್ನು ಅಟ್ಟಣೆಯವನೇ ಕೇಳಬೇಕು. ಇಂಥ ಮಾತಿಗೆ ಹಿಂದೆ ಚಹದಂಗಡಿಯೇ ಎಲ್ಲೆಯಾಗಿದ್ದಿತು. ಈಗ ಅದಕ್ಕೆ ರೆಕ್ಕೆ ಬಂದಿವೆ. ಕಣ್ಣಿಲ್ಲದವರನ್ನೂ ಇಲ್ಲಿ ಮರೆಯಬಾರದು. ಅವರಿಗೆ ಮೈದಾನವು ತೆರೆಯುವದೇ ಕಿವಿಯಿಂದ. ಸಂಜಯನಂಥವನೊಬ್ಬನು ದೊರೆತರೆ ಅವರೂ ಅಭಿಮಾನಿಗಳ ಸಾಲಿನಲ್ಲಿ ಸಮಾನರಾಗುವರು.

ಮಾತಿನಿಂದ ಆಗುವ ಇನ್ನೊಂದು ಉಪಕಾರವು ಸ್ಮರಣೆ. ನಮ್ಮ ಬೀದರ ಜಿಲ್ಲೆಯು 1956ರ ವರೆಗೆ ಹೈದರಾಬಾದ ಸಂಸ್ಥಾನದ, ಬಳಿಕ ಹೈದರಾಬಾದ ರಾಜ್ಯದ ಭಾಗವಾಗಿದ್ದಿತು. ಆ ರಾಜಧಾನಿಯ ಪೋಲೀಸ ತಂಡವು 1950ರಿಂದ 1954ರ ವರೆಗೆ ಸತತವಾಗಿ ಐದು ಸಲ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದರ ಶಿಕ್ಷಕರಾದ ಸಯ್ಯದ್ ಅಬ್ದುಲ್ ರಹೀಮರು ವೃತ್ತಿಯಿಂದ ಶಾಲಾಮಾಸ್ತರರು. ಅವರ ಕೈಕೆಳಗೆ ಹಿಂದುಸ್ಥಾನದ ತಂಡವು 1951ರಲ್ಲಿಯೂ 1962ರಲ್ಲಿಯೂ ಏಷ್ಯಾಡಿನ ಸುವರ್ಣಪದಕವನ್ನು ಪಡೆಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಕಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಬೆಂಗಳೂರಿನ ಕಥೆಯೂ ಕಡಿಮೆಯದಲ್ಲ. 1937ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ತಂಡವು ಬ್ರಿಟಿಷ್ ಸೈನಿಕ ತಂಡಗಳ ಸ್ವತ್ತಿನಂತಿದ್ದ ಅದೇ ರೋವರ್ಸ್ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ತಂಡವಾಯಿತು. 1948ರ ಲಂಡನ್ ಒಲಿಂಪಿಕ್ಕಿನಲ್ಲಿ ಫ್ರಾನ್ಸಿನ ಮೇಲೆ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಅವರು ಬೆಂಗಳೂರಿನವರು. ಆ ತಂಡದ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. 2023ರ ಮಾರ್ಚಿಯಲ್ಲಿ ಕರ್ನಾಟಕವು ರಿಯಾಧ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ ಟ್ರೋಫಿಯನ್ನು ತಂದಿತು.

ಇವು ಪಠ್ಯಪುಸ್ತಕಗಳಲ್ಲಿ ಬರುವ ಸಂಗತಿಗಳಲ್ಲ. ನಮ್ಮ ಭಾಗದಲ್ಲಿ ಕುಸ್ತಿ, ಕಬಡ್ಡಿ, ಕ್ರಿಕೆಟ್ಟುಗಳಿಗಿರುವ ಪ್ರಚಾರವು ಕಾಲ್ಚೆಂಡಿಗೆ ಇಲ್ಲದಿರುವದರಿಂದ ಹಿರಿಯರ ಬಾಯಲ್ಲಿಯೂ ಇವು ಉಳಿದಿಲ್ಲ. ಬಾಯಿಂದ ಬಾಯಿಗೆ ದಾಟದ ಕೀರ್ತಿಯು ಎರಡು ತಲೆಮಾರುಗಳಲ್ಲಿ ಅಳಿಯುವದು. ಹನ್ನೆರಡನೆಯ ಶತಕದಲ್ಲಿ ನಮ್ಮ ನೆರೆಯ ಕಲ್ಯಾಣದ ಶರಣರು ಆಡಿದ ಮಾತೂ ಕೇಳಿದವರು ಅದನ್ನು ಹೊತ್ತು ನಡೆದದ್ದರಿಂದಲೇ ನಮ್ಮ ವರೆಗೆ ಬಂದಿತು. ಚೆಂಡಾಟವನ್ನು ವಚನಕ್ಕೆ ಸರಿಗಟ್ಟುವದು ನನ್ನ ಉದ್ದೇಶವಲ್ಲ. ಸ್ಮೃತಿಯು ಉಳಿಯುವ ಕ್ರಮವು ದೊಡ್ಡದಕ್ಕೂ ಸಣ್ಣದಕ್ಕೂ ಒಂದೇ ಎಂಬದನ್ನು ಮಾತ್ರ ತೋರಿಸಬೇಕಾಗಿದೆ. ಕನ್ನಡದಲ್ಲಿ ಇಂಥ ಮಾತಿಗೆ ಎಡೆಯಿದೆ. 2018ರಲ್ಲಿ ಆರಂಭವಾದ ‘ತಲೆ-ಹರಟೆ’ ಎಂಬ ಪಾಡ್‌ಕಾಸ್ಟು ಹರಟೆಯ ಹೆಸರಿಟ್ಟುಕೊಂಡೇ ಗಂಭೀರವಾದ ನಾನಾ ವಿಷಯಗಳನ್ನು ಕನ್ನಡದಲ್ಲಿ ಚರ್ಚಿಸಬಹುದೆಂದು ತೋರಿಸಿಕೊಟ್ಟಿತು.

ಮೂರನೆಯ ಆಕ್ಷೇಪವಾದ ಬೈಗಳಿಗೆ ಈಗ ಉತ್ತರ ಹೇಳಬೇಕು. ಜನಸ್ತೋಮದ ಧ್ವನಿಯು ಕೆಡುವದಕ್ಕೆ ಯಂತ್ರವೇ ಬೇಕಾಗಿಲ್ಲ. 1962ರ ಸೆಪ್ಟೆಂಬರ 4ರಂದು ಜಕಾರ್ತಾದಲ್ಲಿ ರಹೀಮರ ತಂಡವು ಏಷ್ಯಾಡಿನ ಕಡೆಯ ಆಟವನ್ನಾಡಿದಾಗ, ಅಟ್ಟಣೆಗಳೆಲ್ಲ ನಮ್ಮವರನ್ನು ಹೀಯಾಳಿಸುತ್ತಿದ್ದವು. ಇಸ್ರೇಲ್ ಮತ್ತು ತೈವಾನದವರಿಗೆ ಆ ಕೂಟದಲ್ಲಿ ಪ್ರವೇಶ ಸಿಗದ್ದನ್ನು ಭಾರತೀಯ ಅಧಿಕಾರಿಯೊಬ್ಬರು ಖಂಡಿಸಿದ್ದೇ ಆ ಕೋಪಕ್ಕೆ ಕಾರಣ. ಆಟಗಾರರು ಆ ಗದ್ದಲದ ನಡುವೆಯೇ ದಕ್ಷಿಣ ಕೊರಿಯವನ್ನು 2–1ರಿಂದ ಸೋಲಿಸಿದರು. ಆಡಳಿತಗಾರರ ಜಗಳದ ದಂಡವನ್ನು ಆಟಗಾರರು ತೆತ್ತದ್ದು ಅಧರ್ಮವೇ ಸರಿ.

ಎದುರಾಳಿಯನ್ನು ಕೆಣಕುವದು ಬೇರೆ, ಹೀಯಾಳಿಸುವದು ಬೇರೆ. ಈ ವಿವೇಕವನ್ನು ಉತ್ತರ ಕರ್ನಾಟಕದ ಜನರು ಹರದೇಶಿ–ನಾಗೇಶಿಯ ಹಾಡುಗಾರಿಕೆಯಲ್ಲಿ ಬಹುಕಾಲದಿಂದ ಪಾಲಿಸಿದ್ದಾರೆ. ಒಂದು ಮೇಳವು ಗಂಡು ಹೆಚ್ಚೆಂದರೆ ಇನ್ನೊಂದು ಹೆಣ್ಣು ಹೆಚ್ಚೆಂದು ಸವಾಲಿಗೆ ಜವಾಬು ಕೊಡುತ್ತ ರಾತ್ರಿಯಿಡೀ ಹಾಡುವದು. ಚುಚ್ಚುಮಾತಿಗೆ ಅಲ್ಲಿ ಬರವಿಲ್ಲ. ಆದರೆ ಸವಾಲು ಹಾಡಿನಲ್ಲಿಯೇ ಬರಬೇಕು, ತಾಳ ತಪ್ಪಬಾರದು, ಪುರಾಣದ ಆಧಾರ ಬೇಕು. ಇಷ್ಟು ಕಟ್ಟು ಬಿದ್ದಲ್ಲಿ ದ್ವೇಷವು ಕಲೆಯಾಗಿ ಮಾರ್ಪಡುವದು. ಬೆಳಗಾದ ಮೇಲೆ ಎರಡು ಮೇಳದವರೂ ಒಂದೇ ಪಂಕ್ತಿಯಲ್ಲಿ ಉಣ್ಣುವರು. ಚೆಂಡಾಟದ ಅಟ್ಟಣೆಗಳಲ್ಲಿಯೂ ಪಾಡ್‌ಕಾಸ್ಟುಗಳಲ್ಲಿಯೂ ಈ ಕಟ್ಟನ್ನು ತರುವದು ಅಭಿಮಾನಿಗಳ ಕೈಯಲ್ಲಿಯೇ ಇದೆ. ಜಾತಿ, ಮತ, ಭಾಷೆ, ಮನೆಯ ಹೆಣ್ಣುಮಕ್ಕಳು ಇವುಗಳ ಮೇಲೆ ಹೋಗುವ ಕೂಗನ್ನು ಅಟ್ಟಣೆಯವರೇ ತಡೆಯಬೇಕು. ಪೋಲೀಸನು ತಡೆದರೆ ಅದು ಶಾಂತತೆ ಮಾತ್ರ. ಪಕ್ಕದವನು ತಡೆದರೆ ಅದು ಸಂಸ್ಕೃತಿ.

ಎರಡನೆಯ ಆಕ್ಷೇಪವಾದ ವರ್ತಕನ ವಿಷಯವು ಎಲ್ಲಕ್ಕಿಂತ ಕಠಿಣವಾದದ್ದು. ಇಲ್ಲಿ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತವು ಚೈನೀಸ್ ತೈಪೆಯನ್ನು 5–0ಯಿಂದ ಸೋಲಿಸಿದಾಗ ಕ್ರೀಡಾಂಗಣದಲ್ಲಿದ್ದವರು 2,569 ಜನ ಮಾತ್ರ. ಮರುದಿನ ನಾಯಕ ಸುನಿಲ್ ಛೇತ್ರಿಯವರು, ಬೆಂಗಳೂರು ತಂಡಕ್ಕೂ ಆಗ ಅವರೇ ನಾಯಕರಾಗಿದ್ದರು, ತಮ್ಮ ಮುಖವನ್ನೂ ಧ್ವನಿಯನ್ನೂ ಮುದ್ರಿಸಿ ಅಂತರ್ಜಾಲದಲ್ಲಿ ಹರಿಬಿಟ್ಟರು: ನಮ್ಮನ್ನು ಟೀಕಿಸಿರಿ, ಬೇಕಾದರೆ ಬೈಯಿರಿ, ಆದರೆ ಬಂದು ನೋಡಿರಿ ಎಂಬದು ಅದರ ತಾತ್ಪರ್ಯ. ಜೂನ್ 4ರಂದು ಕೀನ್ಯದೊಡನೆ ನಡೆದ ಆಟಕ್ಕೆ ಒಂದು ಟಿಕೀಟೂ ಉಳಿಯಲಿಲ್ಲ. ಯಂತ್ರದಿಂದ ಹೊರಟ ಧ್ವನಿಯು ಜನರನ್ನು ಯಂತ್ರದಿಂದ ಬಿಡಿಸಿ ಮೈದಾನಕ್ಕೆ ಕರೆತಂದಿತು.

ಎರಡನೆಯ ಘಟನೆಯು 2025ನೆಯ ಇಸವಿಯದು. ಆ ಜುಲೈಯಲ್ಲಿ ವ್ಯಾಪಾರದ ಒಡಂಬಡಿಕೆಯ ತೊಡಕಿನಿಂದ ಸಂಘಟಕರು ಇಂಡಿಯನ್ ಸೂಪರ್ ಲೀಗಿನ ಹೊಸ ಋತುವನ್ನು ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ತಂಡವು ತನ್ನ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ನಿಲ್ಲಿಸಿತು. ಆ ತಿಂಗಳುಗಳಲ್ಲಿ ಲೀಗಿನ ಚೆಂಡು ಉರುಳಲಿಲ್ಲ. ವರ್ತಕನು ಕೈಯೆತ್ತಿದಾಗ ಅಭಿಮಾನಿಗೆ ಉಳಿದದ್ದೇನು? ಕಟ್ಟಿದ ಹಾಡು, ಕೂಡಿದ ಗೆಳೆತನ, ಆಡಿದ ಮಾತು. ಇವುಗಳಿಗೆ ಯಾರ ಒಡಂಬಡಿಕೆಯೂ ಬೇಕಾಗಿರಲಿಲ್ಲ. ಕಾಲುವೆಯು ವರ್ತಕನದಾದರೂ ಅದರಿಂದ ಬೆಳೆದ ಬೆಳೆಯು ಉತ್ತವನದೆಂಬದು ಇದರಿಂದ ತಿಳಿಯುವದು. ಆದರೆ ಉತ್ತವನಿಗೆ ಮಾತ್ರ ಬೆಳೆ. ಬೊಗಸೆಯೊಡ್ಡಿ ಕುಡಿದು ಹೋದವನಿಗೆ ಮುಂದಿನ ಬಾಯಾರಿಕೆಯೊಂದೇ ಉಳಿಯುವದು.

ಆದ್ದರಿಂದ ನನ್ನ ಸಿದ್ಧಾಂತವು ಇಷ್ಟು. ಕೇಳಿದವನು ಋಣಿಯಾಗುವನು. ಋಷಿಗಳ ಋಣವು ಅಧ್ಯಯನದಿಂದ ತೀರುವದೆಂದು ನಮ್ಮ ಹಿರಿಯರು ಹೇಳಿದರು; ಹಣದಿಂದ ಆ ಋಣವು ತೀರಲಾರದು. ತಿಂಗಳ ಚಂದಾ ಕೊಟ್ಟ ಮಾತ್ರಕ್ಕೆ ಹಾಡಿನ ಋಣವೂ ಹರಿಯುವದಿಲ್ಲ. ಅದನ್ನು ತೀರಿಸುವ ದಾರಿಗಳು ಮೂರು. ಕೇಳಿದ ಹಾಡನ್ನು ನಾಲ್ವರೊಡನೆ ನಿಂತು ಹಾಡುವದು ಒಂದು. ತನ್ನ ತಂಡದ ತಪ್ಪನ್ನು ತನ್ನವರ ಮುಂದೆ, ಎದುರಾಳಿಯ ಗುಣವನ್ನು ಎಲ್ಲರ ಮುಂದೆ ಹೇಳುವದು ಇನ್ನೊಂದು. ಕೇಳಿ ತಿಳಿದದ್ದನ್ನು ತಿಳಿಯದವನಿಗೆ ಮುಟ್ಟಿಸುವದು ಮೂರನೆಯದು. ಈ ಮೂರರಲ್ಲಿ ಒಂದನ್ನೂ ಮಾಡದೆ ಕೇಳುತ್ತಲೇ ಇರುವವನು ಧೃತರಾಷ್ಟ್ರನಂತೆ. ಅವನು ಹದಿನೆಂಟು ದಿನಗಳ ಯುದ್ಧವನ್ನು ಒಂದಕ್ಷರವೂ ಬಿಡದೆ ಕೇಳಿದನು, ಕೇಳಿ ಏನನ್ನೂ ಮಾಡಲಿಲ್ಲ.

ನಮ್ಮ ತಾಲೂಕಿನ ಶಿಕ್ಷಕಬಂಧುಗಳಲ್ಲಿಯೂ ತರುಣರಲ್ಲಿಯೂ ಒಂದು ಬಿನ್ನಹವಿದೆ. ಶಾಲೆಯ ಬಯಲಿದ್ದಲ್ಲಿ ಒಂದು ಚೆಂಡಿಗೆ ಬಹಳ ಖರ್ಚಿಲ್ಲ. ಸಂಜೆ ಹುಡುಗರೂ ಹುಡುಗಿಯರೂ ಆಡಲಿ. ನೋಡುವವರು ಹಲಗೆ ಬಡಿದು ನಮ್ಮದೇ ಗೀಗೀಮಟ್ಟಿನಲ್ಲಿ ಪದ ಕಟ್ಟಿ ಕೂಗಲಿ. ಆಟ ಮುಗಿದ ಮೇಲೆ ಇಬ್ಬರು ಕುಳಿತು ಅದರ ಗುಣದೋಷಗಳನ್ನು ಹುಮನಾಬಾದದ ನುಡಿಯಲ್ಲಿಯೇ ಮಾತಾಡಿ, ಕೈಯಲ್ಲಿಯ ಯಂತ್ರದಿಂದಲೇ ಮುದ್ರಿಸಲಿ. ರಹೀಮ ಮಾಸ್ತರರ ಕಥೆಯನ್ನು ಮೊದಲನೆಯ ಕಂತಿನಲ್ಲಿ ಹೇಳಿದರೆ ಉಚಿತವಾದೀತು. ಹತ್ತು ಜನ ಕೇಳಿದರೆ ಹತ್ತು ಜನರೇ ಸಾಕು. ಅವರಲ್ಲಿ ಒಬ್ಬನು ಮರುದಿನ ಬಯಲಿಗೆ ಬಂದರೆ ಆ ಕೇಳಿಯೂ ಆ ಶ್ರವಣವೂ ಸಾರ್ಥಕವಾದವೆಂದು ತಿಳಿಯಬೇಕು. ವಾಚಕರು ಇದನ್ನು ಸಮಚಿತ್ತದಿಂದ ವಿಚಾರಿಸಿ, ಒಪ್ಪಿದ್ದನ್ನು ಆಚರಣೆಗೆ ತರಬೇಕೆಂದು ಪ್ರಾರ್ಥಿಸುತ್ತೇನೆ.